ಕುಂಕುಮ ಹಚ್ಚಿದ ಕಂಪ್ಯೂಟರ್

ಯಾವ ಕೆಲಸಕ್ಕೆ ಯಾವ ಕಂಪ್ಯೂಟರ್ ತೆಗೆದುಕೊಳ್ಳಬೇಕು ಎಂದು ಕೇಳಿಕೊಂಡು ನನ್ನ ಅಂಗಡಿಗೆ ಬರುವವರು ಕೆಲಸದ ಮಾತನ್ನೇ ಎತ್ತುವುದಿಲ್ಲ. ಶುರು ಮಾಡುವುದೇ ಕುರ್ಚಿಯಿಂದ. ‘ಇದು ದೊಡ್ಡ ಸಾಹೇಬ್ರಿಗೆ, ಒಳ್ಳೇದು ಕೊಡಿ. ಇದು ಮ್ಯಾನೇಜರ್‌ಗೆ, ಒಂದು ಮಟ್ಟಕ್ಕಿರಲಿ. ಮಿಕ್ಕಿದೋರಿಗೆ ಯಾವುದಾದ್ರೂ ಆಗತ್ತೆ ಬಿಡಿ.’ ಮದುವೆ ಮನೆಯಲ್ಲಿ ಬೀಗರನ್ನು ಮೊದಲ ಪಂಕ್ತಿಗೆ ಕೂರಿಸಿದ ಹಾಗೆ. ಆ ಮಿಕ್ಕವರೇ ದಿನವಿಡೀ ಕೀಲಿ ಕುಟ್ಟುವವರು, ದೊಡ್ಡ ಸಾಹೇಬರು ಬೆಳಿಗ್ಗೆ ಒಮ್ಮೆ ಮೇಲ್ ನೋಡಿ ಆಮೇಲೆ ಇಸ್ಪೀಟು ಆಡುವವರು ಎಂದು ನಾನು ಹೇಳಿದರೆ, ಇವನಿಗೆ ವ್ಯಾಪಾರ ಮಾಡಲು ಬರುವುದಿಲ್ಲ ಎಂಬಂತೆ ನೋಡುತ್ತಾರೆ.

ಇನ್ನೂ ಒಂದು ಪದ್ಧತಿ ಇದೆ. ಮೇಲಿನವರಿಗೆ ಹೊಸದು ಬಂದಾಗ ಅವರ ಹಳೆಯದು ಒಂದು ಮೆಟ್ಟಿಲು ಇಳಿಯುತ್ತದೆ, ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ. ಇಳಿದು ಇಳಿದು, ಕಾಲರ್ ಹರಿದ ಮೇಲೆ ಬಿಲ್ಲು ಬರೆಯುವವರ ಮೇಜಿಗೆ ಬಂದು ಬೀಳುತ್ತದೆ. ಮಾಲೂರಿನ ಒಂದು ಕಾರ್ಖಾನೆಯಲ್ಲಿ ನಕ್ಷೆ ಬಿಡಿಸುವ ಮನುಷ್ಯನಿಗೆ ಒಂದು ಫೈಲು ತೆರೆಯುವಷ್ಟರಲ್ಲಿ ಟೀ ಕುಡಿದು ಬರುವಷ್ಟು ಪುರುಸೊತ್ತು ಸಿಗುತ್ತಿತ್ತು. ನಕ್ಷೆಗೆಂದೇ ಮಾಡಿದ ಭಾರಿ ಯಂತ್ರ ಮಾಲೀಕರ ಕೋಣೆಯಲ್ಲಿ ಹೂದಾನಿಯ ಪಕ್ಕ ಕೂತಿತ್ತು. ಮುಳಬಾಗಿಲಿನ ಒಂದು ಶಾಲೆಯಲ್ಲಿ ಇಡೀ ಲ್ಯಾಬಿಗೆ ಕಸೂತಿ ಹಾಕಿದ ಬಟ್ಟೆ ಹೊದಿಸಿ ಬೀಗ ಜಡಿದಿದ್ದರು. ಮಕ್ಕಳು ಮುಟ್ಟಿದರೆ ಹಾಳಾಗುತ್ತವಂತೆ. ಯಾರೂ ಮುಟ್ಟದೆಯೇ ಅವು ಸತ್ತವು. ಶ್ರೀನಿವಾಸಪುರದ ಮಾವಿನ ವ್ಯಾಪಾರಿಯೊಬ್ಬರು ಅತಿ ತೆಳುವಾದ ಲ್ಯಾಪ್‌ಟಾಪ್ ಬೇಕೆಂದು ಹಟ ಹಿಡಿದು ಕೊಂಡರು. ಸೀಸನ್ನಿನ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲಿಟ್ಟು ತೋಟಕ್ಕೆ ಹೋದರು. ಅದು ಹಪ್ಪಳದ ಹಾಗೆ ಬಾಗಿದ ಮೇಲೆ ತಂದು ನನ್ನ ಮುಂದೆ ಹಾಕಿ, ‘ಎಂಥಾ ಮಾಲು ಕೊಟ್ಟಿದೀಯಪ್ಪಾ’ ಅಂದರು.

ನಾನು ಇದನ್ನು ಯಾವ ಕಾಲೇಜಿನಲ್ಲೂ ಓದಿದವನಲ್ಲ. ಟೇಕಲ್ಲಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಕಂಪನಿಗಳು ಬಿಸಾಡಿದ ಕಂಪ್ಯೂಟರ್‌ಗಳನ್ನು ಚೌಕಾಸಿ ಮಾಡಿ ಕೊಂಡು, ಗೋಣಿಚೀಲದಲ್ಲಿ ಹೊತ್ತು ತಂದು, ಎರಡು ಸತ್ತದ್ದನ್ನು ಸೇರಿಸಿ ಒಂದು ಬದುಕುವಂತೆ ಮಾಡಿ ಮಾರಿದವನು. ಅದರಿಂದ ಕಲಿತದ್ದನ್ನು ಪುಕ್ಕಟೆಯಾಗಿ ಹೇಳುತ್ತೇನೆ, ಬೇಕಾದವರು ಇಟ್ಟುಕೊಳ್ಳಿ. ಕಂಪ್ಯೂಟರ್ ಬದಲಾಯಿಸುವ ಕಾಲ ಬಂತೋ ಇಲ್ಲವೋ ಎಂದು ತಿಳಿಯಲು ಅದರ ವಯಸ್ಸು ಕೇಳಬೇಡಿ, ಡಬ್ಬ ಬಿಚ್ಚಬೇಡಿ. ಪಕ್ಕದಲ್ಲೊಂದು ಸ್ಟೂಲು ಎಳೆದುಕೊಂಡು ಸುಮ್ಮನೆ ಕೂತು, ಕೆಲಸ ಮಾಡುವವರ ಬಲಗೈ ನೋಡಿ. ಕೈ ಮೌಸಿನ ಮೇಲೇ ಇದ್ದರೆ ಯಂತ್ರ ಇನ್ನೂ ದುಡಿಯುತ್ತಿದೆ. ಕೈ ಮೌಸು ಬಿಟ್ಟು ಕೆನ್ನೆಗೆ ಹೋಯಿತೋ, ಅಲ್ಲಿಗೆ ಅದರ ಕಥೆ ಮುಗಿಯಿತು. ಕೆನ್ನೆಗೆ ಕೈ ಹೋಗುವುದು ಸೋಮಾರಿತನವಲ್ಲ, ಕಾಯುವಿಕೆ. ಸಂಬಳ ಕೊಡುವವರಿಗೆ ಮಾತ್ರ ಅದು ಸೋಮಾರಿತನದಂತೆ ಕಾಣುತ್ತದೆ.

ಹಾಗೆ ಕಂಡದ್ದರಿಂದಲೇ ಕೋಲಾರದ ಮಾರ್ಕೆಟ್ಟಿನ ಒಂದು ಟೊಮೆಟೊ ಮಂಡಿಯಲ್ಲಿ ಅಕ್ಕನೊಬ್ಬಳ ಕೆಲಸ ಹೋಗುವುದರಲ್ಲಿತ್ತು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಸುಗಟೂರಿನಿಂದ ಬೆಳಗಿನ ಬಸ್ಸಿಗೆ ಬಂದು ಆ ಮಂಡಿಯಲ್ಲಿ ಬಿಲ್ಲು ಹಾಕುತ್ತಿದ್ದ ಹೆಂಗಸು. ರೈತರು ತಂದ ಬಾಕ್ಸುಗಳು ಹರಾಜಾದ ಮೇಲೆ, ಯಾರದ್ದು ಎಷ್ಟು ಬಾಕ್ಸು, ಯಾವ ದರ ಎಂದು ಕಂಪ್ಯೂಟರಿಗೆ ಹೊಡೆದು, ಕಿಟಕಿಯಲ್ಲಿ ಬಿಲ್ಲು ಕೊಡುವುದು ಅವಳ ಕೆಲಸ. ಗಂಡ ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದಿದ್ದ. ಮನೆಯಲ್ಲಿ ಸಂಬಳ ಎಂಬುದು ಬರುತ್ತಿದ್ದದ್ದು ಅವಳೊಬ್ಬಳಿಗೆ. ಬಾಯಿ ಜೋರು. ನಾನು ಒಳಗೆ ಕಾಲಿಟ್ಟ ಕೂಡಲೇ ತೆಲುಗು ಬೆರೆಸಿ ಒಂದು ಮಂಗಳಾರತಿ ಎತ್ತದಿದ್ದರೆ ಅವಳಿಗೆ ತಿಂಡಿ ಜೀರ್ಣವಾಗುತ್ತಿರಲಿಲ್ಲ.

‘ವಚ್ಚಿನಾಡಮ್ಮಾ ಡಾಕ್ಟ್ರು. ಬಂದು ನಾಡಿ ನೋಡ್ತಾನೆ, ದಕ್ಷಿಣೆ ತಗೊಂಡು ಹೋಗ್ತಾನೆ. ರೋಗ ಮಾತ್ರ ಹಂಗೇ ಇರತ್ತೆ.’

ರೋಗ ಹಾಗೇ ಇರುತ್ತಿದ್ದದ್ದು ನಿಜ. ಆದರೆ ತಪ್ಪು ಡಾಕ್ಟರದ್ದಲ್ಲ. ಆ ಕಂಪ್ಯೂಟರನ್ನು ಮುಟ್ಟುವ ಹಾಗಿರಲಿಲ್ಲ.

ಅದು ಮಂಡಿಗೆ ಬಂದ ವರ್ಷ ಟೊಮೆಟೊ ದರ ಆಕಾಶಕ್ಕೆ ಏರಿತಂತೆ. ದರ ಏರಿದ್ದು ಬೇರೆ ರಾಜ್ಯಗಳಲ್ಲಿ ಮಳೆಗೆ ಬೆಳೆ ಕೊಚ್ಚಿಹೋದದ್ದಕ್ಕೆ, ಅದು ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರಿಗೂ ಗೊತ್ತು. ಮಂಡಿಯ ಯಜಮಾನರ ಪ್ರಕಾರ ಏರಿಸಿದ್ದು ಈ ಕಂಪ್ಯೂಟರ್. ಅಂದಿನಿಂದ ಅದು ಲಕ್ಷ್ಮಿ. ಹಣೆಗೆ ಅರಿಶಿನ ಕುಂಕುಮ, ತಲೆಗೆ ಮಲ್ಲಿಗೆ, ಶುಕ್ರವಾರ ಊದುಬತ್ತಿ. ಕುಂಕುಮವೆಲ್ಲ ಸೋರಿ ಒಳಗಿನ ಫ್ಯಾನಿಗೆ ಸೇರಿ, ಅದು ತಿರುಗುವಾಗ ರಾಗಿ ಕಲ್ಲಿನ ಸದ್ದು ಬರುತ್ತಿತ್ತು. ಡಬ್ಬ ಹೊಸ್ತಿಲು ದಾಟಬಾರದು, ಅದು ಒಂದು ನಿಯಮ. ರಿಪೇರಿಗೆ ಅಂಗಡಿಗೆ ಒಯ್ಯುವಂತಿಲ್ಲ. ನಾನು ನೆಲದ ಮೇಲೆ ಪೇಪರು ಹಾಸಿಕೊಂಡು ಅಲ್ಲೇ ಧೂಳು ಹೊಡೆಯಬೇಕು. ಒಳಗಿನ ಸಾಮಾನು ಬದಲಾಯಿಸಬಾರದು, ಅದು ಇನ್ನೊಂದು.

‘ಡಬ್ಬ ಅದೇ ಇರಲಿ ಯಜಮಾನ್ರೇ. ಒಳಗೆ ಹೊಸಾ ಡಿಸ್ಕು, ಹೊಸಾ ಬೋರ್ಡು ಹಾಕ್ತೀನಿ, ಕುದುರೆ ಆಗತ್ತೆ’ ಎಂದು ಒಮ್ಮೆ ಕೇಳಿದ್ದೆ.

ಯಜಮಾನರು ಎಲೆ ಅಡಿಕೆ ಪಕ್ಕಕ್ಕೆ ತಳ್ಳಿ ನನ್ನನ್ನು ದಿಟ್ಟಿಸಿದರು. ‘ಲೇ ಕಂಪ್ಯೂಟರ್’, ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ, ‘ಒಳಗಿಂದೆಲ್ಲಾ ತೆಗೆದ್ಮೇಲೆ ಅದು ಅದೇ ಹೆಂಗಾಗತ್ತೋ? ಲಕ್ಷ್ಮಿ ಕೂತಿರೋದು ತಗಡಿನ ಮೇಲಾ, ಒಳಗಾ?’

ಲಕ್ಷ್ಮಿ ಎಲ್ಲಿ ಕೂತಿದ್ದಾಳೆಂದು ತೋರಿಸುವ ಮೀಟರು ನನ್ನ ಬ್ಯಾಗಿನಲ್ಲಿರಲಿಲ್ಲ. ಮತ್ತೆ ಧೂಳು ಹೊಡೆಯತೊಡಗಿದೆ.

ಇಷ್ಟು ಭಕ್ತಿ ಇದ್ದ ಯಜಮಾನರು ತಮಗಾಗಿ ಬೇರೆ ಯಂತ್ರ ತರಿಸಿಕೊಂಡಿದ್ದರು. ಬೀಗರ ಮನೆಯವರ್‍ಯಾರೋ ಹೇಳಿದರೆಂದು ಬೆಂಗಳೂರಿನಿಂದ ಬಂದ, ಗಾಜಿನ ಮೈಯ, ಒಳಗೆ ಕೆಂಪು ಹಸಿರು ನೀಲಿ ದೀಪ ಕುಣಿಯುವ ಯಂತ್ರ. ಆಟ ಆಡುವ ಹುಡುಗರಿಗೆಂದು ಮಾಡಿದ್ದು. ಮೂರು ಮಂಡಿಯ ಬಿಲ್ಲನ್ನು ಒಟ್ಟಿಗೆ ಹಾಕಿದರೂ ಅದಕ್ಕೆ ಬೆವರು ಬರುವುದಿಲ್ಲ. ಅದರಲ್ಲಿ ಯಜಮಾನರು ಮಾಡುತ್ತಿದ್ದ ಕೆಲಸ ಒಂದೇ, ಕ್ಯಾಮೆರಾದಲ್ಲಿ ಹರಾಜಿನ ಕಟ್ಟೆ ನೋಡುವುದು. ಅವರ ಕುರ್ಚಿಯಿಂದ ಕತ್ತು ಎಡಕ್ಕೆ ತಿರುಗಿಸಿದರೆ ಅದೇ ಕಟ್ಟೆ ಕಿಟಕಿಯಲ್ಲಿ ಕಾಣುತ್ತಿತ್ತು. ಕತ್ತು ತಿರುಗಿಸುವ ಶ್ರಮ ಉಳಿಸಲು ಅಷ್ಟು ದೊಡ್ಡ ಯಂತ್ರ.

ಈಚೆ ಅಕ್ಕನ ಕಿಟಕಿಯ ಹೊರಗೆ ರೈತರು. ಒಂದು ಬಿಲ್ಲು ಹೊಡೆದು ಗುಂಡಿ ಒತ್ತಿದರೆ ಪರದೆ ಕಲ್ಲಾಗುತ್ತಿತ್ತು. ಅವಳ ಕೈ ಕೆನ್ನೆಗೆ ಹೋಗುತ್ತಿತ್ತು. ಹೊರಗಿನವರಿಗೆ ಕಾಣುವುದು ಪರದೆಯ ಬೆನ್ನು ಮಾತ್ರ, ಕಾಯುತ್ತಿರುವ ಅವಳ ಮುಖ ಮಾತ್ರ.

‘ಏನಕ್ಕಾ, ನಿದ್ದೆ ಮಾಡ್ತಿದೀಯಾ? ಟೆಂಪೋದವನು ಬಿಟ್ಟು ಹೋಗ್ತಾನೆ.’

‘ಹೂಂ ನಾಯನಾ, ಹಾಸಿಗೆ ಹಾಸ್ಕೊಂಡಿದೀನಿ. ದಿಂಬು ಇದ್ರೆ ಕೊಡು.’

‘ಎದುರು ಮಂಡೀಲಿ ಹಿಂಗೆ ಬಾಕ್ಸು ಇಳಿಸಿದ್ರೆ ಹಂಗೆ ಬಿಲ್ಲು ಕೊಡ್ತಾರೆ.’

‘ಹೋಗಪ್ಪಾ, ಎದುರು ಮಂಡಿಗೇ ಹೋಗು. ನಿನ್ನ ಕಾಯಿಗೆ ಯಾವ ಮಂಡಿಯಾದ್ರೇನು, ಅರ್ಧ ಹಸಿರು.’

ತಮಾಷೆಗೆ ಹೇಳಿದ ಆ ಮಾತನ್ನು ಕೆಲವರು ಮಾಡಿಯೇ ತೋರಿಸಿದರು. ಮುಳಬಾಗಿಲು ಕಡೆಯಿಂದ ವರ್ಷಗಳಿಂದ ಬರುತ್ತಿದ್ದ ನಾಲ್ಕಾರು ರೈತರು ಎದುರು ಮಂಡಿಗೆ ಬಾಕ್ಸು ಇಳಿಸತೊಡಗಿದರು. ಯಜಮಾನರ ಕಣ್ಣಿಗೆ ಅದು ಬಿತ್ತು. ಕಾರಣವೂ ಅವರಿಗೆ ಹೊಳೆಯಿತು. ಹೊಳೆದ ಕಾರಣ ಯಾವುದೆಂದು ನೀವು ಊಹಿಸಿರಬಹುದು.

‘ಅಕ್ಕಂಗೆ ವಯಸ್ಸಾಯ್ತು ಕಣೋ’ ಅಂದರು ಒಂದು ಮಧ್ಯಾಹ್ನ, ಬಾಗಿಲು ಮುಂದಕ್ಕೆ ತಳ್ಳಿ. ‘ಕೈ ಓಡಲ್ಲ. ನಾನೇ ಬಾಗಿಲ ಸಂದೀಲಿ ನೋಡಿದೀನಿ, ಯಾವಾಗ ನೋಡಿದ್ರೂ ಕೆನ್ನೆ ಮೇಲೆ ಕೈ. ಯುಗಾದಿ ಆದ್ಮೇಲೆ ಬೇಡ ಅಂದ್ಬಿಡ್ತೀನಿ. ನಮ್ಮ ಮನೆಯೋಳ ತಂಗಿ ಸೊಸೆ ಒಬ್ಳಿದಾಳೆ, ಮಾಲೂರಲ್ಲಿ, ಬಿ.ಕಾಂ. ಮಾಡಿದಾಳೆ. ನೀನು ಬಂದು ಅವಳಿಗೆ ಒಂದು ವಾರ ಹೇಳ್ಕೊಡು.’

‘ಯಾವುದ್ರಲ್ಲಿ ಹೇಳ್ಕೊಡ್ಲಿ ಯಜಮಾನ್ರೇ?’

‘ಅದೇ, ನಮ್ಮ ಲಕ್ಷ್ಮೀಲಿ.’

ಬದಲಾಯಿಸಬೇಕಾದ್ದು ತಗಡು. ಇವರು ಬದಲಾಯಿಸ ಹೊರಟಿದ್ದು ಮನುಷ್ಯರನ್ನು. ಇಂಥವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಯಂತ್ರ ಹಳೆಯದಾದರೆ ಸರ್ವಿಸ್ ಮಾಡಿಸುತ್ತಾರೆ. ಅದೇ ಯಂತ್ರದ ಮುಂದೆ ಕೂತು ಹೆಂಗಸು ಕೂದಲು ಬೆಳ್ಳಗೆ ಮಾಡಿಕೊಂಡರೆ, ಕೂದಲಿನಿಂದಾಗಿಯೇ ಬಿಲ್ಲು ತಡವಾಯಿತೆನ್ನುತ್ತಾರೆ. ಬಿ.ಕಾಂ. ಸೊಸೆ ಬಂದರೂ ಅವಳ ಕೈಯೂ ಕೆನ್ನೆಗೇ ಹೋಗುತ್ತಿತ್ತು. ಆಗ ಇವಳಿಗೆ ಹೇಳಿಕೊಟ್ಟವನು ಸರಿಯಿಲ್ಲ ಎಂದು ನನ್ನ ತಲೆಗೆ ಬರುತ್ತಿತ್ತು. ಅಷ್ಟರಲ್ಲಿ ಅಕ್ಕ ಮನೆ ಸೇರಿರುತ್ತಿದ್ದಳು.

ಹೊರಗೆ ಬಂದಾಗ ಅಕ್ಕ ಬುತ್ತಿ ಡಬ್ಬಿ ತೊಳೆಯುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು.

‘ಬಿ.ಕಾಂ. ಅಂತಲ್ಲಾ?’

‘ನಿಂಗ್ಯಾರು ಹೇಳಿದ್ರು?’

‘ಬಾಗಿಲು ಹಾಕ್ಕೊಂಡು ಅಷ್ಟು ಗಟ್ಟಿಯಾಗಿ ಮಾತಾಡಿದ್ರೆ ಮಾರ್ಕೆಟ್ಟಿಗೆಲ್ಲಾ ಕೇಳಿಸತ್ತೆ.’ ಡಬ್ಬಿಯನ್ನು ಕೊಡವಿದಳು, ನನ್ನ ಅಂಗಿಯ ಮೇಲೆ ಬೀಳುವ ಹಾಗೆಯೇ. ‘ಈ ವಯಸ್ಸಲ್ಲಿ ನಂಗೆ ಯಾರು ಕೊಡ್ತಾರೆ ನಾಯನಾ ಕೆಲಸ? ಹಿಪ್ಪುನೇರಳೆ ಸೊಪ್ಪು ಕೊಯ್ಯೋಕೆ ಹೋಗ್ಬೇಕು. ಹೋಗ್ತೀನಿ. ಆದ್ರೆ ನಿಧಾನ ಅನ್ನಿಸ್ಕೊಂಡು ಹೋಗ್ಬೇಕಲ್ಲಾ, ಅದು ಉರಿಯತ್ತೆ.’

‘ಹೊಸಾ ಮೆಷಿನ್ ಕೇಳಿದ್ಯಾ ಯಜಮಾನ್ರನ್ನ?’

‘ಕೇಳಿದೆ. ಲಕ್ಷ್ಮೀನೇ ಕೊಟ್ಟಿದೀನಲ್ಲಮ್ಮಾ, ಇನ್ನೇನು ಬೇಕು ಅಂದ್ರು.’

ಆ ಮಾತು ಕೇಳಿದಾಗ ನನಗೆ ದಾರಿ ಕಂಡಿತು. ಎದುರಿನವನು ಯಾವುದನ್ನು ಬಿಡಲಾರನೋ ಅದರ ಮೇಲೆ ಚೌಕಾಸಿ ಮಾಡಬಾರದು, ಸಮಯ ದಂಡ. ಅದನ್ನು ಅವನ ಕೈಗೇ ಕೊಟ್ಟು, ಅವನ ಇನ್ನೊಂದು ಕೈಯಲ್ಲಿರುವುದನ್ನು ಈಸಿಕೊಳ್ಳಬೇಕು. ಸಂತೆಯಲ್ಲಿ ಹಸು ಕೊಳ್ಳುವವರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

ಮಾರನೆಯ ದಿನವೇ ಹೋಗಲಿಲ್ಲ. ಆತುರ ತೋರಿಸಿದರೆ ಮಾಲು ಅಗ್ಗವಾಗುತ್ತದೆ. ಒಂದೆರಡು ದಿನ ಬಿಟ್ಟು, ಎದುರು ಮಂಡಿಯವರ ಪ್ರಿಂಟರ್ ನೋಡಲು ಹೋದೆ. ಅಲ್ಲಿ ಟೀ ಕುಡಿಯುತ್ತಾ ಈ ಮಂಡಿಯ ಲಕ್ಷ್ಮಿಯ ಕಥೆ ಎತ್ತಿದೆ. ಎದುರು ಮಂಡಿಯವರು ಬಿದ್ದು ಬಿದ್ದು ನಕ್ಕು, ‘ಅಷ್ಟು ಅದೃಷ್ಟ ಇದ್ರೆ ನಮಗೇ ಕೊಡೋಕೆ ಹೇಳಪ್ಪಾ, ಬಾಗಿಲಲ್ಲಿ ಕಟ್ಕೊಂತೀವಿ’ ಅಂದರು. ನನಗೆ ಬೇಕಾಗಿದ್ದದ್ದು ಅಷ್ಟೇ. ಅದೇ ಬಿಸಿಯಲ್ಲಿ ಈಚೆ ಬಂದೆ.

ಯಜಮಾನರು ಕ್ಯಾಮೆರಾ ನೋಡುತ್ತಿದ್ದರು. ನಾನು ಕೂತೆ. ಮಾತು ಅವರೇ ತೆಗೆಯಲಿ ಎಂದು ಗೋಡೆಯ ಕ್ಯಾಲೆಂಡರ್ ನೋಡಿದೆ.

‘ಏನೋ ಕಂಪ್ಯೂಟರ್, ಮುಖ ಹಂಗಿಟ್ಕೊಂಡಿದೀಯ?’

‘ಏನಿಲ್ಲ ಯಜಮಾನ್ರೇ. ಎದುರು ಮಂಡಿಯೋರು ಒಂದು ಮಾತು ಕೇಳಿದ್ರು. ನಿಮಗೆ ಹೇಳೋದೋ ಬಿಡೋದೋ ಅಂತ.’

‘ಹೇಳೋ.’

‘ನಿಮ್ಮ ಹಳೇ ಕಂಪ್ಯೂಟರ್ ಕೊಡ್ತಾರಾ ಅಂದ್ರು.’

ಕುರ್ಚಿ ಕಿರ್ರೆಂದಿತು. ‘ಯಾಕಂತೆ? ಏನಕ್ಕೆ ಬೇಕಂತೆ ಅವನಿಗೆ?’

‘ಅದು ನಂಗೆ ಹೆಂಗೆ ಗೊತ್ತಾಗತ್ತೆ? ಕೊಡೋ ಮಾತೇ ಇಲ್ಲ ಅಂತ ಹೇಳಿ ಬಂದೆ. ಆದ್ರೆ ಯಜಮಾನ್ರೇ, ತಪ್ಪು ತಿಳ್ಕೋಬೇಡಿ. ಲಕ್ಷ್ಮಿ ನಿಮ್ಮದು. ಕೂರಿಸಿರೋದೆಲ್ಲಿ? ಕಿಟಕಿ ಪಕ್ಕ, ನೂರು ಜನ ಕಣ್ಣು ಹಾಕೋ ಜಾಗದಲ್ಲಿ. ರೈತರು ಬೈತಾರೆ, ಅದರ ಮುಂದೇನೇ ಬೈತಾರೆ. ದುಡ್ಡಿನ ಬೀರು ಎಲ್ಲಿಟ್ಟಿದೀರಾ ನೀವು? ನಿಮ್ಮ ಬೆನ್ನ ಹಿಂದೆ. ಲಕ್ಷ್ಮೀನ ಮಾತ್ರ ಬಾಗಿಲಿಗೆ ಇಟ್ಟಿದೀರಾ.’

ಯಜಮಾನರು ಬೀರುವನ್ನು ತಿರುಗಿ ನೋಡಿದರು. ಬಾಗಿಲ ಸಂದಿಯಲ್ಲಿ ಅಕ್ಕನ ಮೇಜನ್ನು ನೋಡಿದರು. ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನೂ ಮರೆತರು.

‘ನನ್ನ ಟೇಬಲ್ ಮೇಲೆ ಇಟ್ಕೊಂಡ್ರೆ?’

‘ಜಾಗ ಎಲ್ಲಿದೆ ಯಜಮಾನ್ರೇ? ಈ ಗಾಜಿಂದು ಕೂತಿದೆಯಲ್ಲ.’

‘ಇದನ್ನ ಆ ಕಡೆ ಹಾಕು.’

‘ಅಯ್ಯೋ, ಇಷ್ಟು ಒಳ್ಳೇದನ್ನಾ? ಬಿಲ್ಲು ಹೊಡೆಯೋಕಾ? ಬೇಡ ಬಿಡಿ.’ ಬೇಡ ಎನ್ನಲು ನನಗೆ ಎಷ್ಟು ಖುಷಿಯಾಯಿತೆಂದರೆ, ಇನ್ನೊಂದು ಸಲವೂ ಹೇಳಿದೆ. ‘ಬೇಡವೇ ಬೇಡ.’

‘ಹಾಕು ಅಂದ್ರೆ ಹಾಕೋ! ಲಕ್ಷ್ಮಿಗಿಂತ ಹೆಚ್ಚೇನೋ ಇದು?’

ಹೀಗೆ ಜಗತ್ತಿನಲ್ಲಿ ಮೊದಲ ಬಾರಿಗೆ, ನಾನು ಕಂಡಂತೆ, ಹೊಸ ಯಂತ್ರ ಕೆಳಗಿಳಿಯಿತು, ಹಳೆಯದು ಮೇಲೇರಿತು. ಶುಕ್ರವಾರ ರಾಹುಕಾಲ ಕಳೆದು ಹರಾಜು ಮುಗಿದ ಮೇಲೆ ಮುಹೂರ್ತ. ಡಬ್ಬ ಯಾವ ಹೊಸ್ತಿಲನ್ನೂ ದಾಟದಂತೆ, ನಡುವಿನ ಬಾಗಿಲ ಹೊಸ್ತಿಲ ಮೇಲೆ ಹಲಗೆ ಇಟ್ಟು ಜಾರಿಸಿದೆವು. ಹಲಗೆಯ ಮೇಲೆ ಹೋದರೆ ದಾಟಿದಂತಲ್ಲ ಎಂಬ ತೀರ್ಪು ಯಜಮಾನರದ್ದೇ.

ಇಲ್ಲೊಂದು ಮಾತು ಸೇರಿಸುತ್ತೇನೆ. ಯಂತ್ರ ಬದಲಾಯಿಸುವವರು ಪ್ರಿಂಟರನ್ನು ಮರೆಯುತ್ತಾರೆ, ಬೆಳಿಗ್ಗೆ ಬಾಯಿ ಬಾಯಿ ಬಡಿದುಕೊಳ್ಳುತ್ತಾರೆ. ಅಕ್ಕನ ಕರಕರ ಪ್ರಿಂಟರಿನ ದಪ್ಪ ತಂತಿಗೆ ಗಾಜಿನ ಯಂತ್ರದಲ್ಲಿ ತೂತೇ ಇರಲಿಲ್ಲ. ನನಗೆ ಮೊದಲೇ ಗೊತ್ತಿದ್ದದ್ದರಿಂದ ಜೋಡಿಸುವ ಬೇರೆ ತಂತಿ ತಂದಿದ್ದೆ. ಹಳೆಯ ಲೆಕ್ಕವನ್ನೆಲ್ಲ ಹೊಸದಕ್ಕೆ ತುಂಬಿ, ಸುಳ್ಳು ಬಿಲ್ಲೊಂದು ಹೊಡೆಸಿ ನೋಡಿ, ಆಮೇಲೆ ಎದ್ದೆ. ನೀವೂ ಹಾಗೇ ಮಾಡಿ. ಮುಹೂರ್ತ ಯಾವುದಾದರೂ ಇರಲಿ, ಸುಳ್ಳು ಬಿಲ್ಲು ಮೊದಲು.

ಅಕ್ಕ ನನಗೆ ಹೂವಿನ ಹಾರ ಹಾಕುತ್ತಾಳೆಂದು ನಾನೇನೂ ಎಣಿಸಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಳು.

‘ಏಮಿರಾ ಇದಿ? ಮದುವೆ ಚಪ್ಪರದ ಸೀರಿಯಲ್ ಲೈಟು ತಂದು ನನ್ನ ಮೂತಿಗಿಟ್ಟಿದೀಯಾ?’

‘ಲೈಟು ನೋಡ್ಬೇಡ ಅಕ್ಕಾ, ಕೆಲಸ ನೋಡು.’

‘ಕಣ್ಣೇ ಕುಕ್ಕತ್ತೆ ಅಂದ್ರೆ ಕೆಲಸ ಎಲ್ಲಿಂದ ನೋಡ್ಲಿ? ರೈತರು ಬಿಲ್ಲು ಬಿಟ್ಟು ಆರ್ಕೆಸ್ಟ್ರಾ ಕೇಳ್ತಾರೆ ನನ್ನ.’

ಗಾಜಿಗೆಲ್ಲ ಕರಿ ಟೇಪು ಸುತ್ತಿದೆ. ಬೆಂಗಳೂರಿನ ಸುಂದರಿ ಬುರುಖಾ ಹಾಕಿಕೊಂಡ ಹಾಗೆ ಕಂಡಿತು. ಅಕ್ಕ ಕೂತಳು, ಒಂದು ಬಿಲ್ಲು ಹೊಡೆದಳು, ಗುಂಡಿ ಒತ್ತಿದಳು. ಅಭ್ಯಾಸ ಬಲದಿಂದ ಕೈಯನ್ನು ಕೆನ್ನೆಗೆ ಎತ್ತಿದಳು. ಕೈ ಕೆನ್ನೆ ಮುಟ್ಟುವ ಮೊದಲೇ ಬಿಲ್ಲು ಹೊರಗೆ ಬಿದ್ದಿತ್ತು. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಮೂಗುತಿ ಸರಿ ಮಾಡಿಕೊಂಡಳು.

ಮರುವಾರ ಮಾರ್ಕೆಟ್ಟಿಗೆ ಹೋದಾಗ ಕಿಟಕಿಯ ಮುಂದೆ ಗುಂಪೇ ಇರಲಿಲ್ಲ. ಇದ್ದ ಒಬ್ಬ ರೈತ ಬಿಲ್ಲು ಹಿಡಿದು ಅನುಮಾನದಿಂದ ನಿಂತಿದ್ದ. ‘ಇಷ್ಟು ಬೇಗ ಕೊಟ್ಬಿಟ್ಟಿದೀಯಲ್ಲಕ್ಕಾ, ಲೆಕ್ಕ ಸರಿಯಾಗಿದೆಯಾ?’

‘ನಿಧಾನ ಮಾಡಿದ್ರೆ ನಿದ್ದೆ ಅಂತೀಯ, ಬೇಗ ಕೊಟ್ರೆ ಮೋಸ ಅಂತೀಯ. ಹೋಗು ನಾಯನಾ, ಟೆಂಪೋ ಕಾಯ್ತಿದೆ.’

ಎದುರು ಮಂಡಿಗೆ ಹೋಗಿದ್ದ ಮುಳಬಾಗಿಲಿನವರು ಒಬ್ಬೊಬ್ಬರಾಗಿ ಹಿಂದಿರುಗಿದರು. ಯಜಮಾನರು ಅದನ್ನು ಊರೆಲ್ಲ ಹೇಳಿಕೊಂಡು ಬಂದರು, ತಮ್ಮದೇ ರೀತಿಯಲ್ಲಿ: ಲಕ್ಷ್ಮಿಯನ್ನು ಸರಿಯಾದ ಜಾಗದಲ್ಲಿ ಕೂರಿಸಿದ ಮೇಲೆ ಮಂಡಿಗೆ ಕಳೆ ಬಂತು, ಅಕ್ಕನ ಕೈಗೆ ಕೂಡ ಚುರುಕು ಬಂತು. ಗಾಜಿನ ಯಂತ್ರದ ಹೆಸರು ಅದರಲ್ಲಿ ಎಲ್ಲೂ ಇಲ್ಲ. ನನ್ನ ಹೆಸರಂತೂ ಇಲ್ಲವೇ ಇಲ್ಲ. ಹೆಸರಿನಿಂದ ನನಗೇನೂ ಆಗಬೇಕಾಗಿರಲಿಲ್ಲ. ಯುಗಾದಿ ಕಳೆಯುವವರೆಗೆ ಇದು ಹೀಗೇ ನಡೆದರೆ ಸಾಕಿತ್ತು.

ಯುಗಾದಿ ಕಳೆಯಿತು. ಅಕ್ಕ ಅದೇ ಕುರ್ಚಿಯಲ್ಲಿದ್ದಳು. ಆಗ ಯಜಮಾನರಿಂದ ಫೋನು ಬಂತು, ಒಬ್ಬನೇ ಬಾ ಎಂದು.

ಹೋದರೆ ಬಾಗಿಲು ಹಾಕಿಸಿದರು. ಅವರ ಮೇಜಿನ ಮೇಲೆ ಲಕ್ಷ್ಮಿ, ಹೊಸ ಕುಂಕುಮ, ಹೊಸ ಮಲ್ಲಿಗೆ, ಅದೇ ರಾಗಿ ಕಲ್ಲಿನ ಸದ್ದು. ಪರದೆಯಲ್ಲಿ ಕ್ಯಾಮೆರಾ ಓಡುತ್ತಿತ್ತು, ಅಥವಾ ತೆವಳುತ್ತಿತ್ತು. ಹೊರಗೆ ಹರಾಜು ಮುಗಿದು ಕಸ ಗುಡಿಸುತ್ತಿದ್ದರು. ಪರದೆಯಲ್ಲಿ ಹರಾಜು ಕೂಗುವವನು ಇನ್ನೂ ಬಾಯಿ ತೆರೆಯುತ್ತಿದ್ದ.

‘ಲೇ, ಒಂದು ವಿಷಯ’ ಅಂದರು, ಈ ಸಲ ನಿಜಕ್ಕೂ ಮೆಲ್ಲಗೆ. ‘ಮನೇಲಿ ಹೇಳ್ಬೇಡ. ಈಗೀಗ ನಂಗೆ ಮೌಸ್ ಒತ್ತಿದ್ರೆ ಒತ್ತಿದೀನೋ ಇಲ್ವೋ ಗೊತ್ತಾಗಲ್ಲ. ಕಟ್ಟೇಲಿ ನಡಿಯೋದು ಕಣ್ಣಿಗೆ ಬೀಳೋ ಹೊತ್ತಿಗೆ ಮುಗಿದೇ ಹೋಗಿರತ್ತೆ. ನಂಗೂ ವಯಸ್ಸಾಯ್ತೇನೋ?’

ಇಷ್ಟು ದಿನ ವ್ಯಾಪಾರ ಮಾಡಿದ ನನಗೆ ಗಿರಾಕಿ ಇಷ್ಟು ಸಲೀಸಾಗಿ ಕೈಗೆ ಸಿಕ್ಕಿದ್ದು ಇಲ್ಲ.

‘ಇರಬಹುದು ಯಜಮಾನ್ರೇ’ ಅಂದೆ. ‘ಎಲ್ರಿಗೂ ಆಗತ್ತೆ. ನಿಧಾನವಾಗಿ ಒತ್ತಿ.’

ಅವರು ನಿಟ್ಟುಸಿರು ಬಿಟ್ಟರು. ಆಮೇಲೆ ಕೇಳಿದರು, ‘ಆ ಮಾಲೂರಿನ ಹುಡುಗಿ ಇದಾಳಲ್ಲಾ, ಬಿ.ಕಾಂ.? ಅವಳನ್ನ ಕರೆಸಿ ಇಲ್ಲಿ ಕೂರಿಸ್ಲಾ? ನನ್ನ ಬದಲು ಅವಳು ಒತ್ತಲಿ.’

ಆ ಹುಡುಗಿ ಒಮ್ಮೆ ಮಂಡಿಯೊಳಗೆ ಕಾಲಿಟ್ಟಳೆಂದರೆ, ಇಂದು ಈ ಮೇಜು, ನಾಳೆ ಕಿಟಕಿಯ ಮೇಜು. ನಡುಗೋಡೆಯ ಆಚೆ ಅಕ್ಕನ ಪ್ರಿಂಟರ್ ಬಿಡುವಿಲ್ಲದೆ ಕರಕರ ಅನ್ನುತ್ತಿತ್ತು.

‘ನಿಮ್ಮಿಷ್ಟ’ ಎಂದು ನಾನು ಎದ್ದೆ. ‘ಆದ್ರೆ ಲಕ್ಷ್ಮೀನ ಬೇರೆಯೋರ ಕೈಗೆ ಕೊಡ್ತೀರಾ ಯಜಮಾನ್ರೇ?’

ಯಜಮಾನರು ಬೆಚ್ಚಿ ಡಬ್ಬದ ಮೇಲೆ ಕೈಯಿಟ್ಟರು. ‘ಇಲ್ಲಪ್ಪಾ. ಛೆ, ಅದು ಸಾಧ್ಯವೇ ಇಲ್ಲ.’

ಮತ್ತೊಮ್ಮೆ ಮೌಸು ಒತ್ತಿದರು. ಪರದೆ ಕಲ್ಲಾಯಿತು. ಅವರ ಬಲಗೈ ಮೆಲ್ಲಗೆ ಮೌಸು ಬಿಟ್ಟು ಕೆನ್ನೆಗೆ ಹೋಯಿತು, ಅಲ್ಲೇ ನಿಂತಿತು. ನಾನು ಬಾಗಿಲು ಮುಂದಕ್ಕೆಳೆದುಕೊಂಡು ಬಂದೆ.